ಯುಕೆಜಿ ಮಕ್ಕಳಿಗೆ ಸಿಂಹದ ಸಿನಿಮಾ ತೋರಿಸಬಹುದಾ? ಹಾಸನ, ಚಿಕ್ಕಮಗಳೂರು ಕಡೆಯವರು ಸ್ವಲ್ಪ ಹೇಳಿ

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ಒಂದು ಚಿಕ್ಕ ಶಾಲೆಯಲ್ಲಿ ಯುಕೆಜಿ ನೋಡಿಕೊಳ್ಳುತ್ತೇನೆ. ನವೆಂಬರ್ 14 ಬಂತು ಅಂದ್ರೆ ಛದ್ಮವೇಷ, ಅದೇ ನೆಹರು ಕೋಟು, ಅದೇ ಗುಲಾಬಿ. ಈ ಸಲ ಅದು ಬೇಡ, ಮಕ್ಕಳಿಗೆ ಒಂದು ಅನಿಮೇಷನ್ ಸಿನಿಮಾ ತೋರಿಸೋಣ ಅಂತ ನಮ್ಮ ಹೆಡ್‌ಮಿಸ್ ಹೇಳಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ, ಗೆಳೆತನ ಮತ್ತು ನಾಯಕತ್ವ. ಹಾಡು ಜಾಸ್ತಿ ಇರಬೇಕು, ಮಾತು ಕಡಿಮೆ ಇರಬೇಕು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಹೆಸರು ಹೇಳಿದರು, 'ದಿ ಲಯನ್ ಕಿಂಗ್'. 1994ರದ್ದು, ಕೈಯಲ್ಲಿ ಚಿತ್ರ ಬರೆದು ಮಾಡಿದ ಹಳೇದು. 88 ನಿಮಿಷ. ನಾನು ಮನೆಯಲ್ಲಿ ಇನ್ನೊಂದು ಸಲ ಕೂತು ನೋಡಿದೆ. ನೋಡಿದ ಮೇಲೆ ತಲೆ ಇನ್ನೂ ಕೆಟ್ಟಿತು. ಅಪ್ಪ ಸಿಂಹ ಸಾಯುತ್ತೆ, ಅದೂ ಕಣ್ಣೆದುರೇ. ಮರಿ ಬಂದು ಅಪ್ಪನ ಕಿವಿ ಹಿಡಿದು ಎಳೆಯುತ್ತೆ, ಎದ್ದೇಳು ಅನ್ನುತ್ತೆ. ನನಗೇ ತಡೆಯಲಾಗಲಿಲ್ಲ, ಇನ್ನು ನಾಲ್ಕೈದು ವರ್ಷದ ಮಕ್ಕಳು? ಎರಡನೇದು, ಕನ್ನಡದಲ್ಲಿ ಇಲ್ಲ. ಮೂರನೇದು ನನ್ನ ಸ್ವಂತ ಅನುಮಾನ. ಇದರಲ್ಲಿ ನಾಯಕತ್ವ ಅನ್ನೋದು ಎಲ್ಲಿದೆ? ರಾಜನ ಮಗ ರಾಜ ಆಗುತ್ತಾನೆ, ಅಷ್ಟೇ ತಾನೇ.

ಬಸ್‌ಸ್ಟ್ಯಾಂಡ್ ಹುಡುಗ:
ರಾಜನ ಮಗ ರಾಜ ಆಗೋದು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಕಲಿಸಬೇಕಾ ಮೇಡಂ 😄

ಎರಡು ಮಕ್ಕಳ ತಾಯಿ:
ರಾಜಕೀಯ ಬೇಡಪ್ಪ, ಇಲ್ಲಿಗೇ ನಿಲ್ಲಿಸು.

ಮೇಡಂ, ಭಯದ ವಿಷಯ ಹೇಳ್ತೀನಿ. ನಮ್ಮ ದೊಡ್ಡವನು ಏಳು ವರ್ಷದವನಿದ್ದಾಗ ನೋಡಿ ಅತ್ತ, ಆಮೇಲೆ ಸರಿಹೋದ. ಚಿಕ್ಕವಳು ನಾಲ್ಕು ವರ್ಷದವಳು ಅಳಲೇ ಇಲ್ಲ. ಸಿನಿಮಾ ಮುಗಿಯೋವರೆಗೂ ಒಂದೇ ಪ್ರಶ್ನೆ, "ಅಮ್ಮಾ, ಅಪ್ಪ ಸಿಂಹ ಯಾವಾಗ ಏಳುತ್ತೆ?" ಈ ವಯಸ್ಸಿನವರಿಗೆ ಸತ್ತವರು ವಾಪಸ್ ಬರೋದಿಲ್ಲ ಅನ್ನೋದು ಇನ್ನೂ ಗೊತ್ತಿರಲ್ಲ. ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಅದು ಅರ್ಥ ಆಗೋದು. ಹಾಗಾಗಿ ನಿಮ್ಮ ತರಗತಿಯಲ್ಲಿ ಅರ್ಧ ಮಕ್ಕಳು ಅಳ್ತಾರೆ, ಇನ್ನರ್ಧ ಪ್ರಶ್ನೆ ಕೇಳ್ತಾರೆ. ಎರಡಕ್ಕೂ ತಯಾರಾಗಿರಿ. ಇನ್ನೊಂದು ಮಾತು, ಯಾರಾದರೂ 2019ರ ಹೊಸದನ್ನು ತೋರಿಸಿ ಅಂದ್ರೆ ಬೇಡ ಅನ್ನಿ. ಅದು 118 ನಿಮಿಷ, ಪ್ರಾಣಿಗಳು ನಿಜವಾದ ಹಾಗೇ ಕಾಣ್ತವೆ, ಮುಖದಲ್ಲಿ ಭಾವನೆಯೇ ಇಲ್ಲ. ಚಿಕ್ಕ ಮಕ್ಕಳಿಗೆ ಬರೆದ ಚಿತ್ರವೇ ಸರಿ. ಇದು ಚಿತ್ರ ಅಂತ ಅವರಿಗೆ ಗೊತ್ತಾಗುತ್ತೆ, ಅಷ್ಟರ ಮಟ್ಟಿಗೆ ಧೈರ್ಯ.

ಬಸ್‌ಸ್ಟ್ಯಾಂಡ್ ಹುಡುಗ:
ಆ ಎಮ್ಮೆ ತರದ ಪ್ರಾಣಿಗಳು ಓಡಿ ಬರೋ ಸೀನ್ ಇದೆಯಲ್ಲ, ಎರಡೂವರೆ ನಿಮಿಷ. ಅದೊಂದನ್ನು ಕಂಪ್ಯೂಟರಲ್ಲಿ ಮಾಡೋಕೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತಂತೆ. ಅಪ್ಪ ಸಿಂಹ ಸಾಯೋದು ಅಲ್ಲೇ, ಭಯ ಅಂತ ಅದನ್ನೇ ಕತ್ತರಿಸಿಬಿಡಬೇಡಿ.

ಎರಡು ಮಕ್ಕಳ ತಾಯಿ:
ಅವರು ಎಷ್ಟು ವರ್ಷವಾದರೂ ಮಾಡಲಿ. ರಾತ್ರಿ ಎದ್ದು ಕೂರೋ ಮಗುವನ್ನು ಮಲಗಿಸೋದು ನಾನು.

ಹಾರ್ಮೋನಿಯಂ ಮೇಷ್ಟ್ರು:
ಚಿಕ್ಕಮಗಳೂರಿನಿಂದ ನಮಸ್ಕಾರ. ಟೀಚರಮ್ಮನ ಮೂರನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಈ ಸಿನಿಮಾದಲ್ಲಿ ಐದು ಹಾಡು. ಬರೆದವರು ಟಿಮ್ ರೈಸ್, ರಾಗ ಹಾಕಿದವರು ಎಲ್ಟನ್ ಜಾನ್, ಹಿನ್ನೆಲೆ ಸಂಗೀತ ಹ್ಯಾನ್ಸ್ ಝಿಮ್ಮರ್. ಹಿನ್ನೆಲೆ ಸಂಗೀತಕ್ಕೆ ಒಂದು, ಹಾಡಿಗೆ ಒಂದು, ಹೀಗೆ ಎರಡು ಆಸ್ಕರ್ ಬಂತು. ಶುರುವಿನಲ್ಲಿ ಸೂರ್ಯ ಹುಟ್ಟುವಾಗ ಒಬ್ಬರು ಕೂಗಿ ಹಾಡ್ತಾರಲ್ಲ, ಅದು ದಕ್ಷಿಣ ಆಫ್ರಿಕಾದ ಲೆಬೋ ಎಂ, ಜುಲು ಭಾಷೆ. ಅಮೆರಿಕದಲ್ಲಿ ಕೂತು ನೋಡಿದ ಮಕ್ಕಳಿಗೂ ಅದು ಅರ್ಥ ಆಗಿರಲ್ಲ. ಅಂದ್ರೂ ಮೈ ಜುಂ ಅನ್ನುತ್ತೆ. ಆದ್ದರಿಂದ ಕನ್ನಡದಲ್ಲಿ ಇಲ್ಲ ಅನ್ನೋ ಚಿಂತೆ ಹಾಡಿನ ಮಟ್ಟಿಗಂತೂ ಬೇಡ.

ಈಗ ಮುಖ್ಯ ವಿಷಯ. ನಾಯಕ ಅಂದ್ರೆ ಯಾರು ಅನ್ನೋ ಚರ್ಚೆ ಈ ಸಿನಿಮಾದಲ್ಲಿ ನಡೆಯೋದು ಮಾತಿನಲ್ಲಿ ಅಲ್ಲ, ಹಾಡಿನಲ್ಲಿ. ಮರಿ ಸಿಂಹ ಸಿಂಬಾ ಒಂದು ಹಾಡು ಹಾಡುತ್ತೆ. ನಾನು ರಾಜ ಆದ ಮೇಲೆ ಯಾರೂ ನನಗೆ ಅದು ಮಾಡು, ಇದು ಮಾಡಬೇಡ ಅನ್ನೋ ಹಾಗಿಲ್ಲ ಅಂತ. ಪಾಪ ಕಾವಲಿಗೆ ಬಂದ ಹಕ್ಕಿಯ ಮೇಲೆ ಕೊನೆಗೆ ಘೇಂಡಾಮೃಗವೇ ಕೂತುಬಿಡುತ್ತೆ. ಅದು ಮಕ್ಕಳ ಉತ್ತರ. ನಾಯಕ ಅಂದ್ರೆ ಯಾರ ಮಾತನ್ನೂ ಕೇಳಬೇಕಾಗಿಲ್ಲದವನು. ಎರಡನೇದು ಚಿಕ್ಕಪ್ಪ ಸ್ಕಾರ್ ಹಾಡೋದು. ಹಸಿದ ಕತ್ತೆಕಿರುಬಗಳ ಮುಂದೆ ನಿಂತು, ನನ್ನ ಹಿಂದೆ ಬನ್ನಿ, ಇನ್ನು ಮೇಲೆ ನಿಮಗೆ ಹಸಿವೇ ಇಲ್ಲ ಅಂತಾನೆ. ಅವು ಸಾಲಾಗಿ ಹೆಜ್ಜೆ ಹಾಕ್ತವೆ, ಸಿಪಾಯಿಗಳ ಥರ. ತಾಳ ಗಮನಿಸಿ, ಮೊದಲನೇ ಹಾಡಿನಲ್ಲಿ ಕುಣಿತ, ಇಲ್ಲಿ ಕವಾಯತು. ಮೂರನೇದು ಸಿಂಬಾನ ಗೆಳೆಯರು, ಮೀರ್‌ಕ್ಯಾಟ್ ಅನ್ನೋ ಚಿಕ್ಕ ಪ್ರಾಣಿ ಟಿಮೋನ್, ಕಾಡುಹಂದಿ ಪುಂಬಾ ಹಾಡೋದು. ಚಿಂತೆ ಬಿಡು, ಯಾವ ಜವಾಬ್ದಾರಿಯೂ ಬೇಡ ಅಂತ. ಮಕ್ಕಳು ಮನೆಗೆ ಹೊತ್ತುಕೊಂಡು ಹೋಗೋದು ಇದೊಂದನ್ನೇ.

ಮೂರು ಹಾಡು, ಮೂರು ಉತ್ತರ, ಮೂರೂ ತಪ್ಪು. ಸರಿ ಉತ್ತರಕ್ಕೆ ಆ ಸಿನಿಮಾದಲ್ಲಿ ಹಾಡೇ ಇಲ್ಲ! ಸಿಂಬಾ ದೊಡ್ಡವನಾಗಿ ವಾಪಸ್ ಹೋಗುವಾಗ ಬರೀ ಹಿನ್ನೆಲೆ ಸಂಗೀತ. ಅಪ್ಪ ಮುಫಾಸಾನೂ ಹಾಡೋದಿಲ್ಲ. 1997ರಲ್ಲಿ ಇದನ್ನೇ ಬ್ರಾಡ್‌ವೇ ನಾಟಕ ಮಾಡಿದಾಗ ಅಪ್ಪನಿಗೆ ಒಂದು ಹಾಡು ಕೊಟ್ಟರು. ಸಂಗೀತ ಕಲಿಸುವವನಾಗಿ ನನಗೆ ಸಿನಿಮಾದ ದಾರಿಯೇ ಇಷ್ಟ. ಬಡಾಯಿ ಕೊಚ್ಚೋರೆಲ್ಲ ಹಾಡಿ ಮುಗಿಸಿದರು, ಕೆಲಸ ಮಾಡೋನು ಹೋಗಿ ಮಾಡಿದ.

ಹೇಮಾವತಿ ದಂಡೆ:
ಮೇಷ್ಟ್ರೇ, ಇದು ಹೊಳೆದೇ ಇರಲಿಲ್ಲ. ಆದರೆ ಐದು ವರ್ಷದ ಮಗುವಿಗೆ ಇದು ತಪ್ಪು ಉತ್ತರ ಅಂತ ಹೇಗೆ ಗೊತ್ತಾಗುತ್ತೆ? ಅಷ್ಟು ಚೆನ್ನಾಗಿ ಹಾಡಿದ್ದಾರೆ, ಅದೇ ಸರಿ ಅನ್ಕೊಳ್ತಾರೆ ಅಲ್ವಾ.

ಹಾರ್ಮೋನಿಯಂ ಮೇಷ್ಟ್ರು:
ಅದಕ್ಕೇ ನೀವು ಇರೋದು ತಾಯಿ.

ಅರಸೀಕೆರೆ ಅಜ್ಜಿ:
ಆ ಹಂದಿ ಮತ್ತೆ ಅದರ ಜೊತೆಗಾರನನ್ನು ಬೈಬೇಡಿ. ಮೊಮ್ಮಗನ ಜೊತೆ ನಾನೂ ನೋಡಿದ್ದೀನಿ. ಮರಿ ಮರಳುಗಾಡಿನಲ್ಲಿ ಬಿದ್ದಿರುತ್ತೆ, ಹದ್ದುಗಳು ಸುತ್ತುವರಿದಿರುತ್ತವೆ. ಓಡಿಸಿದವರು ಯಾರು? ನೀರು ಕೊಟ್ಟವರು ಯಾರು? ಸಿಂಹದ ಮರಿ ಅಂತ ಗೊತ್ತಾದ ಮೇಲೆ ಆ ಚಿಕ್ಕದು ಹೆದರುತ್ತೆ, ದೊಡ್ಡವನಾದ ಮೇಲೆ ನಮ್ಮನ್ನೇ ತಿಂದುಬಿಟ್ಟಾನು ಅಂತ. ಹಂದಿ ಮಾತ್ರ ಇಟ್ಟುಕೊಳ್ಳೋಣ ಅನ್ನುತ್ತೆ. ಆಮೇಲೆ ಚಿಕ್ಕದಕ್ಕೂ ಲೆಕ್ಕ ಹೊಳೆಯುತ್ತೆ, ನಮ್ಮ ಕಡೆ ಒಂದು ಸಿಂಹ ಇದ್ದರೆ ಒಳ್ಳೇದೇ ಅಂತ. ಗೆಳೆತನ ಹೀಗೇ ಶುರುವಾಗೋದು, ಅರ್ಧ ಪ್ರೀತಿ, ಅರ್ಧ ಲೆಕ್ಕ. ಕೊನೆಗೆ ಕತ್ತೆಕಿರುಬಗಳ ಮುಂದೆ ಸೊಂಟ ಕುಣಿಸಿ ಗಮನ ಬೇರೆ ಕಡೆ ಸೆಳೆಯುವವರೂ ಅವರೇ. ಜೀವ ಹೋಗಬಹುದಿತ್ತು. ಜವಾಬ್ದಾರಿ ಇಲ್ಲ ಅನ್ನೋ ಹಾಡು ಬಾಯಲ್ಲಿ ಅಷ್ಟೇ.

ಎರಡು ಮಕ್ಕಳ ತಾಯಿ:
ಅಜ್ಜಿ ❤️ ನಮ್ಮ ಚಿಕ್ಕವಳಿಗೆ ಹುಳ ತಿನ್ನೋ ಸೀನ್ ಅಂದ್ರೆ ಪ್ರಾಣ. ಆ ವಾರವೆಲ್ಲ ಶಾವಿಗೆ ಉಪ್ಪಿಟ್ಟನ್ನು ಹುಳ ಹುಳ ಅಂತಲೇ ತಿಂದಳು.

ಕಾಳುಮೆಣಸು:
ಸಕಲೇಶಪುರ ಕಡೆಯವನು. ನನಗೆ ಸಿನಿಮಾ ಅಷ್ಟು ಗೊತ್ತಿಲ್ಲ, ಪ್ರಾಣಿ ಗೊತ್ತು. ನಾಯಕತ್ವ ಕಲಿಸೋಕೆ ಸಿಂಹ ಯಾಕೆ ಬೇಕು ಅನ್ನೋದೇ ನನ್ನ ಪ್ರಶ್ನೆ. ಗಂಡು ಸಿಂಹ ಹುಟ್ಟಿದ ಗುಂಪಿನಲ್ಲಿ ರಾಜ ಆಗೋದೇ ಇಲ್ಲ. ಎರಡು ಮೂರು ವರ್ಷಕ್ಕೆ ಹೊರಗೆ ಹೋಗಬೇಕು, ಬೇರೆ ಗುಂಪು ಹುಡುಕಬೇಕು. ಗುಂಪಿನಲ್ಲಿ ಉಳಿಯೋದು, ಹೆಚ್ಚಾಗಿ ಬೇಟೆಯಾಡೋದು, ಮರಿ ಸಾಕೋದು ಎಲ್ಲ ಹೆಣ್ಣು. ಸಿನಿಮಾದಲ್ಲಿ ಕಳ್ಳರ ಥರ ತೋರಿಸಿರೋ ಚುಕ್ಕೆ ಕತ್ತೆಕಿರುಬಗಳಲ್ಲೂ ಹೆಣ್ಣಿನದೇ ಯಜಮಾನಿಕೆ. ಅವು ತಿನ್ನೋದರಲ್ಲಿ ಬಹುಪಾಲು ತಾವೇ ಬೇಟೆಯಾಡಿದ್ದು, ಎಷ್ಟೋ ಕಡೆ ಸಿಂಹವೇ ಅವುಗಳಿಂದ ಕಿತ್ತುಕೊಂಡು ತಿನ್ನುತ್ತೆ.

ನಮ್ಮಲ್ಲಿ ಆನೆ ಇಲ್ವಾ? ಸಕಲೇಶಪುರ, ಆಲೂರು, ಬೇಲೂರು ಕಡೆ ಇರೋರಿಗೆ ಬೆಳಗ್ಗೆ ಎದ್ದ ತಕ್ಷಣ ಮೊಬೈಲಿಗೆ ಬರೋ ಮೊದಲ ಮೆಸೇಜು ಆನೆ ಎಲ್ಲಿದೆ ಅನ್ನೋದು. ಅರಣ್ಯ ಇಲಾಖೆಯವರು ಗುಂಪಿನ ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕ್ತಾರೆ. ಯಾಕೆ ಹೆಣ್ಣಿಗೆ? ಅವಳು ಎಲ್ಲಿಗೆ ಹೋದರೆ ಗುಂಪು ಅಲ್ಲಿಗೆ. ಗಂಡು ಹರೆಯಕ್ಕೆ ಬಂದ ಮೇಲೆ ಬೇರೆ ಹೋಗುತ್ತೆ. ನಮ್ಮ ತೋಟದ ಕೆಳಗಿನ ರಸ್ತೆ ದಾಟೋದನ್ನು ನೋಡಿದ್ದೀನಿ. ದೊಡ್ಡಾಕೆ ಮೊದಲು ಬಂದು ಬೇಲಿ ಪಕ್ಕ ನಿಲ್ಲುತ್ತಾಳೆ. ಸೊಂಡಿಲು ಎತ್ತಿ ಗಾಳಿ ನೋಡ್ತಾಳೆ. ಹಿಂದಿನವೆಲ್ಲ ಅಲ್ಲೇ ನಿಲ್ಲುತ್ತವೆ, ಮರಿಗಳು ಕಾಲುಗಳ ನಡುವೆ. ಅವಳು ರಸ್ತೆಗೆ ಬಂದು ಅಡ್ಡ ನಿಲ್ಲುತ್ತಾಳೆ, ಉಳಿದವು ಅವಳ ಹಿಂದಿನಿಂದ ದಾಟುತ್ತವೆ, ಅವಳು ಕೊನೆಗೆ. ಘರ್ಜನೆ ಇಲ್ಲ, ಏನೂ ಇಲ್ಲ.

ಇನ್ನೊಂದು ಓದಿದ್ದು. ಕೆನ್ಯಾದ ಅಂಬೋಸೆಲಿಯಲ್ಲಿ ಆನೆಗಳಿಗೆ ಸಿಂಹದ ಘರ್ಜನೆಯ ರೆಕಾರ್ಡಿಂಗ್ ಕೇಳಿಸಿ ನೋಡಿದರಂತೆ, 2011ರಲ್ಲಿ ಅದು ಪ್ರಕಟ ಆಯಿತು. ಗಂಡು ಸಿಂಹ ಆನೆಗೆ ಹೆಚ್ಚು ಅಪಾಯ. ವಯಸ್ಸಾದ ಹೆಣ್ಣಾನೆ ಇರೋ ಗುಂಪು ಇದು ಗಂಡು ಸಿಂಹದ ದನಿ ಅಂತ ಚೆನ್ನಾಗಿ ಗುರುತು ಹಿಡಿದು ಒಟ್ಟಾಗಿ ನಿಲ್ಲುತ್ತಿತ್ತು. ಚಿಕ್ಕ ವಯಸ್ಸಿನ ನಾಯಕಿ ಇದ್ದ ಗುಂಪಿಗೆ ಅಷ್ಟು ತಿಳಿಯುತ್ತಿರಲಿಲ್ಲ. ಅದು ಆಫ್ರಿಕಾದ ಆನೆ, ನಮ್ಮದು ಬೇರೆ ಜಾತಿ, ಆದರೂ ಅಜ್ಜಿಯ ಬೆಲೆ ಗೊತ್ತಾಗುತ್ತೆ.

ಬಸ್‌ಸ್ಟ್ಯಾಂಡ್ ಹುಡುಗ:
ಅಣ್ಣಾ, ಭತ್ತದ ಗದ್ದೆ, ಬಾಳೆ ಕಳ್ಕೊಂಡೋರ ಮುಂದೆ ಹೋಗಿ ಆನೆ ನಾಯಕತ್ವದ ಪಾಠ ಹೇಳಿ ನೋಡೋಣ.

ಕಾಳುಮೆಣಸು:
ನಮ್ಮದೂ ಹೋಗಿದೆ ತಮ್ಮ. ಜನರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದು ಇಲ್ಲೇ ಯಸಳೂರು ಕಡೆ, ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ. ಪ್ರೀತಿ ಬೇರೆ, ನಷ್ಟ ಬೇರೆ. ಎರಡೂ ಗೊತ್ತಿದ್ದೇ ಬರೆದಿದ್ದು.

ಹೇಮಾವತಿ ದಂಡೆ:
ಅಣ್ಣ, ನಿಮ್ಮ ಆನೆ ಕಥೆಯನ್ನು ಖಂಡಿತ ತರಗತಿಯಲ್ಲಿ ಹೇಳ್ತೀನಿ. ಒಂದು ವಿಷಯ ಮಾತ್ರ. ಸಿನಿಮಾದಲ್ಲೂ ಹೆಣ್ಣು ಸಿಂಹಗಳನ್ನು ಗಮನಿಸಿದರೆ ನೀವು ಹೇಳಿದ್ದೇ ಇದೆ. ಸ್ಕಾರ್ ರಾಜ ಆದ ಮೇಲೆ ಬರಗಾಲ. ಮೇವು ಹೋಯಿತು, ಹಿಂಡುಗಳು ಹೋದವು, ನಾವೂ ಹೊರಡಬೇಕು ಅಂತ ಎದುರು ನಿಂತು ಹೇಳೋಳು ತಾಯಿ ಸರಾಬಿ, ಅದಕ್ಕೆ ಏಟು ತಿನ್ನುತ್ತಾಳೆ. ಸಹಾಯ ಹುಡುಕಿಕೊಂಡು ಒಬ್ಬಳೇ ಹೊರಡೋಳು ಸಿಂಬಾನ ಬಾಲ್ಯದ ಗೆಳತಿ ನಾಲಾ. ಅವಳು ಹೋಗದೇ ಇದ್ದರೆ ಸಿಂಬಾ ಇನ್ನೂ ಹುಳ ತಿನ್ನುತ್ತಾ ಕೂತಿರುತ್ತಿದ್ದ. ಚಿಕ್ಕವರಿದ್ದಾಗಲೂ ಕುಸ್ತಿಯಲ್ಲಿ ಅವಳೇ ಗೆಲ್ಲೋದು, ದೊಡ್ಡವರಾದ ಮೇಲೂ ಅವನನ್ನು ಕೆಡವಿ ಎದೆ ಮೇಲೆ ಕಾಲಿಡುತ್ತಾಳೆ, ಅದರಿಂದಲೇ ಅವನಿಗೆ ಗುರುತು ಸಿಗೋದು. ನನಗೆ ಈಗ ಅನ್ನಿಸ್ತಿದೆ, ಈ ಸಿನಿಮಾದಲ್ಲಿ ನಾಯಕಿ ಅಂತ ಇದ್ದರೆ ನಾಲಾ. ಕಿರೀಟ ಬೇರೆಯವನಿಗೆ.

ಅರಸೀಕೆರೆ ಅಜ್ಜಿ:
ಮನೆಗಳಲ್ಲೂ ಅದೇ ಅಲ್ವೇನಮ್ಮ.

ಕರಿಕೋಟು:
ತಡವಾಗಿ ಬಂದೆ. ವಕೀಲ, ಹಾಸನ. ಎಲ್ಲರೂ ಕಥೆ ಮಾತಾಡ್ತಿದ್ದೀರಿ, ನಾನು ಒಣ ವಿಷಯ ಹೇಳ್ತೀನಿ. ಎಲ್ಲಿ ತೋರಿಸ್ತೀರಿ? ಬಡಾವಣೆಯ ಪಾರ್ಕಿನಲ್ಲಿ ಪರದೆ ಕಟ್ಟಿ ಊರಿಗೆಲ್ಲ ತೋರಿಸೋ ಯೋಚನೆ ಇದ್ದರೆ ಬೇಡ. ಮನೆಗೆ ತಗೊಂಡ ಓಟಿಟಿ ಚಂದಾದಲ್ಲಿ ಸಾರ್ವಜನಿಕವಾಗಿ ತೋರಿಸೋಕೆ ಅನುಮತಿ ಇರಲ್ಲ. ಶಾಲೆಯೊಳಗೆ ಬೇರೆ ಲೆಕ್ಕ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು, ಆದರೆ ನೋಡೋರು ಸಿಬ್ಬಂದಿ, ಮಕ್ಕಳು, ಅವರ ತಂದೆತಾಯಿ ಅಥವಾ ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು, ಇಷ್ಟೇ ಜನ ಇರಬೇಕು. ಟಿಕೆಟ್ ಗಿಕೆಟ್ ಇಡಬೇಡಿ. ಇನ್ನು ಕದ್ದ ಪ್ರತಿ ಪೆನ್‌ಡ್ರೈವ್‌ನಲ್ಲಿ ತಂದುಕೊಡ್ತೀನಿ ಅನ್ನೋ ಪುಣ್ಯಾತ್ಮರು ಪ್ರತಿ ಶಾಲೆಯಲ್ಲೂ ಇರ್ತಾರೆ, ಅವರಿಂದ ದೂರ ಇರಿ.

ಮುಂದೆ ಬೇರೆ ಸಿನಿಮಾ ಆರಿಸುವಾಗ ಪ್ರಮಾಣಪತ್ರ ನೋಡಿ. 2024ರಿಂದ ಯುಎ ಅನ್ನೋದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಯುಕೆಜಿಗೆ ಬರೀ ಯು.

ಬಸ್‌ಸ್ಟ್ಯಾಂಡ್ ಹುಡುಗ:
ಪೆನ್‌ಡ್ರೈವ್ ಪುಣ್ಯಾತ್ಮ ಹಾಜರಿದ್ದ, ಈಗ ಎದ್ದು ಹೋದ.

ಎರಡು ಮಕ್ಕಳ ತಾಯಿ:
ಕನ್ನಡದ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. 2019ರ ಸಿನಿಮಾ ಹಿಂದಿ, ತಮಿಳು, ತೆಲುಗಿಗೆ ಡಬ್ ಆಯಿತು. ಹಿಂದಿಯಲ್ಲಿ ಮುಫಾಸಾಗೆ ಶಾರುಖ್ ಖಾನ್ ದನಿ, ಸಿಂಬಾಗೆ ಅವರ ಮಗನದು. ತೆಲುಗಿನಲ್ಲಿ ಸಿಂಬಾಗೆ ನಾನಿ, ತಮಿಳಿನಲ್ಲಿ ಸಿದ್ಧಾರ್ಥ್. ನಮಗೆ? ನಮ್ಮ ಮಕ್ಕಳು ಹಾಸನದಲ್ಲಿ ಕೂತು ಹಿಂದಿಯಲ್ಲಿ ನಗಬೇಕು. ನನ್ನ ತಮ್ಮ 2009ರ ಹೊತ್ತಿಗೆ ಚಿಂಟು ಟಿವಿ ಬಂದಾಗ ಚಿಕ್ಕವನು, ಕಾರ್ಟೂನೆಲ್ಲ ಕನ್ನಡದಲ್ಲೇ ನೋಡಿ ಬೆಳೆದ. ಆಗ ದೊಡ್ಡವರ ಸಿನಿಮಾಗಳಿಗೆ ಡಬ್ಬಿಂಗ್ ಬೇಡ ಅಂತ ಗಲಾಟೆ ನಡೀತಿತ್ತು, ಕಾರ್ಟೂನ್ ಮಾತ್ರ ಸುಮ್ನೆ ಕನ್ನಡ ಮಾತಾಡ್ತಿತ್ತು. ಆ ಹುಡುಗನ ಕನ್ನಡ ಇವತ್ತಿಗೂ ನನ್ನ ಮಕ್ಕಳದ್ದಕ್ಕಿಂತ ಚೆನ್ನಾಗಿದೆ.

ಹಾರ್ಮೋನಿಯಂ ಮೇಷ್ಟ್ರು:
ಹಾಡನ್ನು ಡಬ್ ಮಾಡೋದು ಮಾತಿನಷ್ಟು ಸುಲಭ ಅಲ್ಲಮ್ಮ. ಪಾತ್ರದ ಬಾಯಿ ತೆರೆದಿರೋ ಕಡೆ ದೀರ್ಘ ಬರಬೇಕು, ತುಟಿ ಮುಚ್ಚೋ ಕಡೆ ಪ, ಬ, ಮ ಬರಬೇಕು, ತಾಳವೂ ತಪ್ಪಬಾರದು. ಚೆನ್ನಾಗಿ ಬರೆಯೋ ಕವಿ ಬೇಕು, ಆ ಕವಿಗೆ ದುಡ್ಡೂ ಕೊಡಬೇಕು. ಕೊನೆಯದೇ ನಮ್ಮಲ್ಲಿ ಕಷ್ಟ.

ಟೀಚರಮ್ಮ, ನೀವು ಒಂದು ಕೆಲಸ ಮಾಡಿ. ಮಾತೆಲ್ಲ ತೆಗೆದುಬಿಡಿ. ಹಾಡು ಮಾತ್ರ ತೋರಿಸಿ, ನಡುವಿನ ಕಥೆಯನ್ನು ನೀವೇ ಕನ್ನಡದಲ್ಲಿ ಹೇಳಿ, ಮೂಡಲಪಾಯ ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ಕಥೆ ಮುಂದಕ್ಕೆ ತರೋ ಹಾಗೆ.

ಅರಸೀಕೆರೆ ಅಜ್ಜಿ:
ಇದು ಸರಿ. ಒಂದೂವರೆ ಗಂಟೆ ಮಕ್ಕಳನ್ನು ಕತ್ತಲೆಯಲ್ಲಿ ಕೂರಿಸೋದು ನನಗೆ ಮೊದಲಿಂದಲೂ ಒಪ್ಪಿಗೆ ಇರಲಿಲ್ಲ. ಕೂತಲ್ಲೇ ಉಚ್ಚೆ ಮಾಡ್ಕೋತಾವೆ.

ಎರಡು ಮಕ್ಕಳ ತಾಯಿ:
ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಹೇಳಿದ್ದೂ ಅದೇ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆ ಆದಷ್ಟೂ ಒಳ್ಳೇದು ಅಂತ. ನಿಮ್ಮಲ್ಲಿ ನಾಲ್ಕು ವರ್ಷದವರೂ ಇದ್ದಾರಲ್ಲ.

ಹೇಮಾವತಿ ದಂಡೆ:
ಮೇಷ್ಟ್ರ ಮಾತು ಓದಿ ನನಗೆ ಉಸಿರು ಬಂತು. ಯಾಕೆ ಅಂತ ಹೇಳ್ತೀನಿ, ಇಲ್ಲಿವರೆಗೂ ಹೇಳದೇ ಇದ್ದ ವಿಷಯ. ನನ್ನ ತರಗತಿಯಲ್ಲಿ ಈ ವರ್ಷವೇ ಅಪ್ಪನನ್ನು ಕಳೆದುಕೊಂಡ ಒಂದು ಮಗು ಇದೆ. ಸಿನಿಮಾದಲ್ಲಿ ಆ ಮರಿ ನನ್ನಿಂದಲೇ ಹೀಗಾಯಿತು ಅಂದುಕೊಂಡು ಓಡಿಹೋಗುತ್ತೆ, ಚಿಕ್ಕಪ್ಪ ಹಾಗೇ ನಂಬಿಸಿಬಿಡುತ್ತಾನೆ. ಈ ಭಾಗವನ್ನು ಆ ಮಗುವಿನ ಪಕ್ಕ ಕೂತು ಹೇಗೆ ನೋಡಲಿ?

ಅರಸೀಕೆರೆ ಅಜ್ಜಿ:
ಮೊದಲು ಅದರ ತಾಯಿ ಹತ್ತಿರ ಮಾತಾಡಮ್ಮ. ಫೋನಲ್ಲಿ ಬೇಡ. ಮಗುವನ್ನು ಕರ್ಕೊಂಡು ಹೋಗೋಕೆ ಬರ್ತಾಳಲ್ಲ, ಆಗ ಪಕ್ಕಕ್ಕೆ ಕರೆದು ಕೂರಿಸಿ ಕೇಳು.

ಕಾಳುಮೆಣಸು:
ಅಜ್ಜಿ ಹೇಳಿದ ಹಾಗೆ ಮಾಡಿ. ಆ ದಿನ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಮಾತ್ರ ಹೇಳಬೇಡಿ. ಬೇರೆ ಮಾಡಿದರೆ ಅದೇ ಜಾಸ್ತಿ ನೋವು.

ಬಸ್‌ಸ್ಟ್ಯಾಂಡ್ ಹುಡುಗ:
ನಾನು ಇಷ್ಟು ಹೊತ್ತು ತಮಾಷೆ ಮಾಡ್ತಿದ್ದೆ. ನಮ್ಮಪ್ಪ ಹೋದಾಗ ನನಗೆ ಆರು ವರ್ಷ. ಶಾಲೆಯಲ್ಲಿ ಯಾರೂ ಅಪ್ಪ ಅನ್ನೋ ಪದವನ್ನೇ ನನ್ನ ಮುಂದೆ ಆಡುತ್ತಿರಲಿಲ್ಲ. ಪದ್ಯದಲ್ಲಿ ಬಂದರೂ ಟೀಚರು ನನ್ನ ಕಡೆ ನೋಡಿ ಬೇಗ ಬೇಗ ಓದಿ ಮುಂದೆ ಹೋಗೋರು. ಅದು ಇನ್ನೂ ನೆನಪಿದೆ. ಹೇಳಿ ಮೇಡಂ, ಅಪ್ಪ ಸತ್ತ ಅಂತಲೇ ಹೇಳಿ. ಮಲಗಿದ, ದೇವರ ಹತ್ತಿರ ಹೋದ ಅಂತೆಲ್ಲ ಸುತ್ತಿ ಬಳಸಬೇಡಿ. ಮರಿಯದ್ದು ಏನೂ ತಪ್ಪಿರಲಿಲ್ಲ ಅನ್ನೋದನ್ನು ಅಲ್ಲೇ ಹೇಳಿಬಿಡಿ, ಕ್ಲೈಮ್ಯಾಕ್ಸ್‌ವರೆಗೆ ಕಾಯಿಸಬೇಡಿ.

ಹೇಮಾವತಿ ದಂಡೆ:
ತಮ್ಮಾ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹಾಗೇ ಮಾಡ್ತೀನಿ.

ಹಾರ್ಮೋನಿಯಂ ಮೇಷ್ಟ್ರು:
ಬೇರೆ ದಾರಿಯೂ ಇದೆ ಅಂತ ಹೇಳಿಟ್ಟಿರ್ತೀನಿ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಿಂದರಿಜೋಗಿ ಇಲ್ವಾ? ಬ್ರೌನಿಂಗ್ ಕವಿಯ ಕಥೆಯನ್ನು ಬೊಮ್ಮನಹಳ್ಳಿಗೆ ತಂದಿದ್ದು. ಇಲಿ ಓಡಿಸಿದರೆ ದುಡ್ಡು ಕೊಡ್ತೀನಿ ಅಂದ ಗೌಡ ಆಮೇಲೆ ಮಾತು ತಪ್ಪುತ್ತಾನೆ, ಊರು ಮಕ್ಕಳನ್ನೇ ಕಳೆದುಕೊಳ್ಳುತ್ತೆ. ನಾಯಕ ಮಾತಿಗೆ ತಪ್ಪಿದರೆ ಅನುಭವಿಸೋರು ಯಾರು ಅನ್ನೋದಕ್ಕೆ ಇದಕ್ಕಿಂತ ಬೇಕಾ? ಪರದೆ ಬೇಡ, ಪ್ರೊಜೆಕ್ಟರ್ ಬೇಡ.

ಹೇಮಾವತಿ ದಂಡೆ:
ಅದನ್ನು ಯುಗಾದಿ ಕಾರ್ಯಕ್ರಮಕ್ಕೆ ಇಟ್ಟುಕೊಳ್ತೀನಿ ಮೇಷ್ಟ್ರೇ, ಆಗ ಇಲಿ ಆಗೋಕೆ ಮಕ್ಕಳು ಜಗಳ ಆಡ್ತಾರೆ. ಈಗ ಸಿಂಹ ಅಂತ ಹೆಡ್‌ಮಿಸ್ ಮಕ್ಕಳಿಗೆ ಹೇಳಿಯೂ ಆಗಿದೆ.

ಜಗಳ ಅಂದಿದ್ದಕ್ಕೆ ನೆನಪಾಯಿತು. ಇವತ್ತು ತರಗತಿಯಲ್ಲಿ ಸುಮ್ನೆ ಸಿಂಹದ ಆಟ ಆಡಿಸಿ ನೋಡಿದೆ. ಎಲ್ಲರಿಗೂ ಸಿಂಹವೇ ಆಗಬೇಕು. ಕತ್ತೆಕಿರುಬ ಆಗಿ ಅಂದ್ರೆ ಒಬ್ಬರೂ ಇಲ್ಲ. ಒಬ್ಬಳು ಮಾತ್ರ ಕೈ ಎತ್ತಿ "ಮಿಸ್, ನಾನು ಹಂದಿ" ಅಂದಳು. ಯಾಕಮ್ಮಾ ಅಂದ್ರೆ, "ಸಿಂಹ ಬರೀ ಓಡಾಡುತ್ತೆ, ಹಂದಿಗೆ ಫ್ರೆಂಡ್ ಇದಾನೆ." ಐದು ನಿಮಿಷದಲ್ಲಿ ಅವಳ ಹಿಂದೆ ಅರ್ಧ ತರಗತಿ ಹಂದಿಯಾಗಿ ಸಾಲು ನಿಂತಿತ್ತು. ಸಿಂಹಗಳು ಮೂಲೆಯಲ್ಲಿ ನಾನು ರಾಜ, ನಾನು ರಾಜ ಅಂತ ಕಿತ್ತಾಡ್ತಿದ್ದವು.

ಕಾಳುಮೆಣಸು:
ಆ ಹುಡುಗಿಗೆ ಕಾಲರ್ ಹಾಕಿ ಮೇಡಂ 😂 ಅವಳೇ ಗುಂಪಿನ ದೊಡ್ಡಾಕೆ.

ಅರಸೀಕೆರೆ ಅಜ್ಜಿ:
ಆ ಚಿಕ್ಕಪ್ಪನ ಹಾಡು ತೋರಿಸ್ತೀಯಾ? ತೋರಿಸಬೇಕು ಅಂತ ನಾನು ಹೇಳೋದು. ಹೊಟ್ಟೆ ತುಂಬಿಸ್ತೀನಿ ಅಂತ ಆಸೆ ತೋರಿಸಿ ಕರೆಯೋರು ಎಲ್ಲ ಕಾಲದಲ್ಲೂ ಇರ್ತಾರೆ.

ಎರಡು ಮಕ್ಕಳ ತಾಯಿ:
ಅಜ್ಜಿ, ಅದರಲ್ಲಿ ಹಸಿರು ಹೊಗೆ, ಮೂಳೆ, ಕತ್ತಲೆ. ದೊಡ್ಡ ಪರದೆಯಲ್ಲಿ ಬೇಡ.

ಹಾರ್ಮೋನಿಯಂ ಮೇಷ್ಟ್ರು:
ಪರದೆ ಆರಿಸಿ, ಸದ್ದು ಮಾತ್ರ ಹಾಕಿ. ಮಕ್ಕಳೆಲ್ಲ ಕತ್ತೆಕಿರುಬಗಳಾಗಿ ಎಡ, ಬಲ ಅಂತ ಹೆಜ್ಜೆ ಹಾಕಲಿ. ನಡುವೆ ತಟ್ಟನೆ ಹಾಡು ನಿಲ್ಲಿಸಿ ಕೇಳಿ, ಊಟ ಎಲ್ಲಿ? ಕೊಡ್ತೀನಿ ಅಂದಿದ್ದನಲ್ಲ? ತಟ್ಟೆ ಖಾಲಿ ತೋರಿಸಿ. ಕಥೆಯಲ್ಲೂ ಅದೇ ತಾನೇ ಆಗೋದು, ಅವನು ರಾಜ ಆದ ಮೇಲೆ ಕತ್ತೆಕಿರುಬಗಳೇ ಹಸಿವು ಅಂತ ಅವನ ಮುಂದೆ ಗೋಗರೀತವೆ.

ಹೇಮಾವತಿ ದಂಡೆ:
ಆ ಮಗುವಿನ ತಾಯಿ ಜೊತೆ ಮಾತಾಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿ ಹೆಣ್ಣುಮಗಳು. ತೋರಿಸಿ ಮಿಸ್, ನಾನೂ ಬಂದು ಕೂರ್ತೀನಿ ಅಂದರು. ಕರಿಕೋಟು ಸಾರ್, ತಂದೆತಾಯಿ ಬರಬಹುದು ಅಂದ್ರಲ್ಲ, ಅದು ಉಪಯೋಗಕ್ಕೆ ಬಂತು.

ಸದ್ಯಕ್ಕೆ ಹೀಗೆ ಯೋಚಿಸಿದ್ದೀನಿ. ಸೂರ್ಯ ಹುಟ್ಟೋ ಹಾಡು ಪೂರ್ತಿ, ಏನೂ ಮಾತಾಡಲ್ಲ. ಆಮೇಲೆ ಮರಿಯ ಹಾಡು. ಅಪ್ಪ ಸಾಯೋದನ್ನು ನಾನೇ ಹೇಳ್ತೀನಿ, ಆ ತಮ್ಮ ಹೇಳಿದ ಹಾಗೆ. ಕಥೆಯಲ್ಲಿ ಚಿಕ್ಕಪ್ಪನ ಹಾಡು ಅದಕ್ಕೂ ಮುಂಚೆ ಬರುತ್ತೆ, ಪರದೆ ಆರಿಸಿ ಕವಾಯತು. ಆಮೇಲೆ ಗೆಳೆಯರ ಹಾಡು. ಅದರಲ್ಲಿ ಮೂವರೂ ಮರದ ದಿಮ್ಮಿ ಮೇಲೆ ತಲೆ ಅಲ್ಲಾಡಿಸಿಕೊಂಡು ನಡೀತಾ ನಡೀತಾ ಸಿಂಬಾ ದೊಡ್ಡವನಾಗಿಬಿಡುತ್ತಾನೆ. ಅಲ್ಲಿ ಒಂದು ಕ್ಷಣ ನಿಲ್ಲಿಸಬೇಕು. ಇಲ್ಲಾಂದ್ರೆ ಮರಿ ಎಲ್ಲಿ ಹೋಯ್ತು ಅಂತ ಹುಡುಕ್ತಾರೆ, ಹೊಸ ಸಿಂಹ ಯಾರು ಅಂತಲೇ ಗೊತ್ತಾಗಲ್ಲ. ಕೊನೆಯ ಪ್ರೀತಿಯ ಹಾಡು ಬಿಟ್ಟುಬಿಡ್ತೀನಿ.

ಬಸ್‌ಸ್ಟ್ಯಾಂಡ್ ಹುಡುಗ:
ಆಸ್ಕರ್ ಬಂದಿದ್ದು ಅದಕ್ಕೇ ಮೇಡಂ!

ಹೇಮಾವತಿ ದಂಡೆ:
ಬರಲಿ. ಯುಕೆಜಿಗೆ ಬೇಡ.

ಕೊನೆಯ ಭಾಗ ಹೇಗೆ ಮುಗಿಸೋದು ಅಂತ ಇನ್ನೂ ಗೊತ್ತಾಗಿಲ್ಲ. ಮೇಷ್ಟ್ರು ಹೇಳಿದ ಹಾಗೆ ಅಲ್ಲಿ ಹಾಡಿಲ್ಲ, ಜಗಳ, ಬೆಂಕಿ, ಮಳೆ.

ಹಾರ್ಮೋನಿಯಂ ಮೇಷ್ಟ್ರು:
ಮಳೆ ಸದ್ದನ್ನು ಮಕ್ಕಳಿಂದಲೇ ಮಾಡಿಸಿ. ಮೊದಲು ಒಂದು ಬೆರಳಿಂದ ಅಂಗೈ ತಟ್ಟೋದು, ಆಮೇಲೆ ಎರಡು, ಆಮೇಲೆ ಪೂರ್ತಿ ಚಪ್ಪಾಳೆ. ಯಾರು ಶುರು ಮಾಡಬೇಕು ಅನ್ನೋದನ್ನು ಆ ಹಂದಿ ಹುಡುಗಿಗೆ ಬಿಡಿ.

ಕರಿಕೋಟು:
ಹೆಡ್‌ಮಿಸ್ ಹತ್ತಿರ ಒಂದು ಕಾಗದ ಬರೆಸಿ ಇಟ್ಟುಕೊಳ್ಳಿ, ಶಾಲೆಯ ಚಟುವಟಿಕೆ ಅಂತ. ಕೇಳೋರು ಯಾರೂ ಇರಲ್ಲ, ಆದರೂ ಇರಲಿ.

ಎರಡು ಮಕ್ಕಳ ತಾಯಿ:
ಸ್ಪೀಕರ್ ಬೇಕಾದರೆ ನಮ್ಮನೇಲಿ ಇದೆ, ಬಾಸ್ ಕಡಿಮೆ ಮಾಡ್ಕೊಳ್ಳಿ. ತಿಂಡಿಗೆ ಕಡ್ಲೆಪುರಿ ಸಾಕು. ಚಿಪ್ಸ್ ಪೊಟ್ಟಣ ಕೊಟ್ಟರೆ ಆ ಪರಪರ ಸದ್ದಿನಲ್ಲಿ ನಿಮ್ಮ ಕಥೆ ಯಾರಿಗೂ ಕೇಳಲ್ಲ.

ಬಸ್‌ಸ್ಟ್ಯಾಂಡ್ ಹುಡುಗ:
ಕಡ್ಲೆಪುರಿ ನನ್ನ ಲೆಕ್ಕ. ಎಷ್ಟು ಮಕ್ಕಳು 2 ಸೆಕ್ಷನ್‌ಗೂ ಸೇರಿ? ಹಿಂದಿನ ದಿನ ಸಂಜೆ ಶಾಲೆ ಹತ್ತಿರ ತಂದುಕೊಡ್ತೀನಿ, ಗೇಟಿನಲ್ಲಿ ಯಾರಿರ್ತಾರೆ ಅಂತ ಮೆಸೇಜ್ ಹಾಕಿ.